ಮುಂಗಡಪತ್ರದ ನೀರು

ಹುಬ್ಬಳ್ಳಿಯ ಹಳೆಯ ಓಣಿಗಳಲ್ಲಿ ನಳ ಬರುವ ದಿನವು ಒಂದು ಸಣ್ಣ ಹಬ್ಬವೇ ಸರಿ. ನಡುರಾತ್ರಿಯಾದರೇನು, "ನಳ ಬಂದಾವ್ರೀ" ಎಂಬ ಕೂಗು ಮನೆಯಿಂದ ಮನೆಗೆ ದಾಟುವದು. ಕೊಡ, ಹಂಡೆ, ಹರವಿಗಳೆಲ್ಲ ಅಂಗಳಕ್ಕೆ ಇಳಿಯುವವು. ಮುಂದಿನ ಸರತಿಯ ವರೆಗೆ ಗೃಹಿಣಿಯು ಅದರಲ್ಲಿಯೇ ಸಂಸಾರವನ್ನು ತೂಗಿಸತಕ್ಕದ್ದು. ಕುಡಿಯಲಿಕ್ಕೆ ಇಷ್ಟು, ಅಡಿಗೆಗೆ ಇಷ್ಟು, ಅರಿವೆಗೆ ಇಷ್ಟು. ತುಳಸಿಯ ಗಿಡಕ್ಕೆ ಅಕ್ಕಿ ತೊಳೆದ ನೀರು. ಆಯವ್ಯಯವೆಂದರೆ ಇದೇ. ಇಲ್ಲದ ನೀರನ್ನು ಇದೆಯೆಂದು ಬರೆದುಕೊಳ್ಳುವ ಉಪಾಯವು ಅವಳಿಗೆ ತಿಳಿಯದು.

ಸರಕಾರದ ಮುಂಗಡಪತ್ರದಲ್ಲಿ ಆ ಉಪಾಯವುಂಟು. ಮಹದಾಯಿ ನ್ಯಾಯಾಧಿಕರಣವು 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ 13.42 ಟಿ.ಎಂ.ಸಿ. ನೀರನ್ನು ಗೊತ್ತುಪಡಿಸಿತು. ಅದರಲ್ಲಿ ಕಳಸಾ, ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ ತಿರುಗಿಸತಕ್ಕದ್ದು 3.9 ಟಿ.ಎಂ.ಸಿ. ಮಾತ್ರ, ದೊಡ್ಡ ಪಾಲಾದ 8.02 ಟಿ.ಎಂ.ಸಿ.ಯು ವಿದ್ಯುದುತ್ಪಾದನೆಗಾಗಿ. 2020ರ ಫೆಬ್ರುವರಿಯ ಕೊನೆಗೆ ತೀರ್ಪು ಕೇಂದ್ರದ ರಾಜಪತ್ರದಲ್ಲಿ ಪ್ರಕಟವಾಯಿತು. ವಾರದೊಳಗೆ ಯಡಿಯೂರಪ್ಪನವರ ಮುಂಗಡಪತ್ರದಲ್ಲಿ 500 ಕೋಟಿ ರೂಪಾಯಿ ಕಾಣಿಸಿತು. 2022ರ ಮಾರ್ಚ್‌ನಲ್ಲಿ ಬಸವರಾಜ ಬೊಮ್ಮಾಯಿಯವರದರಲ್ಲಿ 1,000 ಕೋಟಿ. 2015ರಲ್ಲಿ ನರಗುಂದ, ನವಲಗುಂದಗಳಲ್ಲಿ ಧರಣಿ ಕುಳಿತ ರೈತರಿಗೆ ಈ ಅಂಕೆಗಳನ್ನು ಕೇಳಿ ಹರ್ಷವಾಗದೆ ಹೇಗಿದ್ದೀತು? 2022ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗದ ಒಪ್ಪಿಗೆಯೂ ದೊರೆಯಿತು. ಆದರೆ ಕಣಕುಂಬಿಯು ಅರಣ್ಯಪ್ರದೇಶ. 2024ರಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಮುಂದೆ ಬಂದ ವಿಷಯವು ಮುಂದಕ್ಕೆ ಹೋಯಿತು. ಅನುಜ್ಞೆಯಿಲ್ಲದೆ ಹಣವನ್ನು ವೆಚ್ಚ ಮಾಡುವಂತಿಲ್ಲ. ವೆಚ್ಚವಾಗದ ಮಂಜೂರಿಯು ಮಾರ್ಚ್ 31ಕ್ಕೆ ತೀರಿಹೋಗುವದು. ಅರಣ್ಯದ ಚಿಂತೆ ಮಾಡುವವರನ್ನು ನಿಂದಿಸಿ ಪ್ರಯೋಜನವಿಲ್ಲ. ಮಲಪ್ರಭೆ ಹುಟ್ಟುವದೂ ಅದೇ ಅರಣ್ಯದಲ್ಲಿ. ಅನುಜ್ಞೆಯ ಮೊದಲೇ ಅಂಕೆಯನ್ನು ಸಾರಿದ್ದು ಮಾತ್ರ ಯೋಗ್ಯವೆನಿಸದು.

ನಾಳೆ ಕಳಸೆಯ ನೀರು ಮಲಪ್ರಭೆಗೆ ಬಂತೆಂದೇ ತಿಳಿದರೂ, ಅದು ತಾನಾಗಿ ಧಾರವಾಡಕ್ಕೆ ಹರಿದು ಬರಲಾರದು. ಸವದತ್ತಿಯ ಬಳಿಯ ನವಿಲುತೀರ್ಥದ ಜಲಾಶಯವು ತುಂಬಿದಾಗ ಅದರ ಮಟ್ಟ ಸಮುದ್ರದಿಂದ ಸುಮಾರು 634 ಮೀಟರು. ಧಾರವಾಡವಿರುವದು ಸುಮಾರು 750 ಮೀಟರಿನ ಮೇಲೆ. ಅಂದರೆ ಪ್ರತಿಯೊಂದು ಕೊಡವೂ ನೂರು ಮೀಟರಿಗೆ ಮಿಕ್ಕಿ ಏರತಕ್ಕದ್ದು. ಏರಿಸುವದು ವಿದ್ಯುತ್ತು. ಅದರ ಬಿಲ್ಲು ಹಗಲಿರುಳು ಬೆಳೆಯುತ್ತಲೇ ಇರುವದು; ಮಳೆ ಕಡಿಮೆಯಾಗಿ ಜಲಾಶಯದ ಮಟ್ಟ ಇಳಿದಷ್ಟೂ ಏರುವ ದಾರಿ ಉದ್ದ. ಅಣೆಕಟ್ಟಿಗೆ ಶಂಕುಸ್ಥಾಪನೆಯುಂಟು, ಹಾರತುರಾಯಿಯುಂಟು. ಪಂಪಿನ ಬಿಲ್ಲಿಗೆ ಯಾವ ಹಾರ?

ಎತ್ತುವ ಶ್ರಮವನ್ನು ಕೌಟಿಲ್ಯನು ಮರೆತಿರಲಿಲ್ಲ. ಅವನ ಅರ್ಥಶಾಸ್ತ್ರದಲ್ಲಿ ನೀರಿನ ತೆರಿಗೆಯು ಒಂದೇ ದರದ್ದಲ್ಲ: ಕೈಯಿಂದ ಎತ್ತಿದ ನೀರಿಗೆ ಬೆಳೆಯ ಐದನೆಯ ಒಂದು ಪಾಲು, ಹೆಗಲಿನಿಂದ ಹೊತ್ತದ್ದಕ್ಕೆ ನಾಲ್ಕನೆಯದು, ಯಂತ್ರದಿಂದ ಹರಿಸಿದ್ದಕ್ಕೆ ಮೂರನೆಯದು. ಸ್ವಂತ ಕೈಯಿಂದ ದುಡಿದವನಿಗೆ ಭಾರ ಕಡಿಮೆ ಎಂಬುದನ್ನು ಗಮನಿಸಬೇಕು. ಕನ್ನಡ ನಾಡಿನ ಶಾಸನಗಳು ಇನ್ನೂ ಒಂದು ಹೆಜ್ಜೆ ಮುಂದೆ. ಕೆರೆಯನ್ನು ಕಟ್ಟಿದರೆ ಸಾಲದು, ಅದರ ಮೇಲ್ವಿಚಾರಣೆಗೆ ಬಿತ್ತುವಟ್ಟವೆಂದು ಭೂಮಿಯನ್ನು ಬಿಡತಕ್ಕದ್ದು. ಆ ಭೂಮಿಯ ಉತ್ಪನ್ನದಿಂದ ಹೂಳು ತೆಗೆಯುವದು, ಏರಿ ಬಲಪಡಿಸುವದು ನಡೆಯುತ್ತಿತ್ತು. ಅರಸನು ಅಳಿದರೂ ಭೂಮಿ ಬೆಳೆಯುತ್ತಿತ್ತು. ಅದಕ್ಕೆ ಮಾರ್ಚ್ 31 ಎಂಬುದಿರಲಿಲ್ಲ. ಲೋಭಿಗಳು ಆ ಭೂಮಿಯನ್ನು ನುಂಗಿದ್ದೂ ಉಂಟು. ಬಿತ್ತುವಟ್ಟಕ್ಕೆ ಅಳುಪಿದವನಿಗೆ ಶಾಸನಗಳು ಶಾಪ ಹಾಕುವದು ಸುಮ್ಮನೆ ಅಲ್ಲ.

ಉಣಕಲ್ಲ ಕೆರೆಗೆ ಈಗ ಅಂಥ ಭೂಮಿಯಿಲ್ಲ. ಒಂದು ಕಾಲಕ್ಕೆ ಹುಬ್ಬಳ್ಳಿಗೆ ಕುಡಿಯುವ ನೀರು ಕೊಟ್ಟ ಕೆರೆಯಿದು. ಊರಿನ ಗಟಾರದ ನೀರು ಅದಕ್ಕೆ ಇಳಿದು ಅಂತರಗಂಗೆಯು ಹಬ್ಬಿತು. ತೆಗೆದಷ್ಟೂ ಮತ್ತೆ ಹಬ್ಬಿತು. ದಂಡೆಯ ಉದ್ಯಾನಕ್ಕೂ ದೋಣಿಗಳಿಗೂ ಹಣ ದೊರೆಯದೆ ಇರಲಿಲ್ಲ. ಸಂಜೆ ಗಾಳಿಗೆಂದು ಅಲ್ಲಿಗೆ ಬರುವ ಹೆಂಗಸರು ಬಹಳ ಹೊತ್ತು ಕೂಡ್ರುವದಿಲ್ಲ. ಅಂದು ನಳ ಬರುವ ಸರತಿಯಿದ್ದರೆ ಬೇಗನೆ ಎದ್ದು ಮನೆಯ ದಾರಿ ಹಿಡಿಯುವರು.