ಕೆರೆಗೊಂದು ಹರಳು

ನೀರು ಚಿಮುಕಿಸುವುದಕ್ಕೆ ಕನ್ನಡದಲ್ಲಿ ‘ತಳಿ’ ಎಂಬ ಮಾತಿದೆ. ನಮ್ಮೂರು ತಳಿಯ ಹೆಸರು ಅದರಿಂದಲೇ ಬಂತೆಂದು ನಾನು ವಾದಿಸುವುದಿಲ್ಲ. ಕೆರೆಯ ನೀರು ಕಲಕುವ ಚಟ ಹತ್ತಿದ ನನ್ನಂಥವನಿಗೆ ಅಷ್ಟು ನೆಪ ಸಾಕು. ಚಳಿಯ ದೆಸೆಯಿಂದ ತಳಿಯನ್ನು ‘ಲಿಟಲ್ ಇಂಗ್ಲೆಂಡ್’ ಎನ್ನುವುದುಂಟು. ಆ ಚಳಿಯಲ್ಲೇ, ಗಾಳಿ ಏಳುವ ಮುಂಚೆ, ದಂಡೆಗೆ ಹೋಗಿ ಕೂರಬೇಕು.

ಚಿಕ್ಕಂದಿನಲ್ಲಿ ನನ್ನ ಓರಗೆಯವರು ಚಪ್ಪಟೆ ಕಲ್ಲನ್ನು ಓರೆಯಾಗಿ ಬೀಸಿ ಅದು ಕಪ್ಪೆಯಂತೆ ಕುಪ್ಪಳಿಸುವಂತೆ ಮಾಡುತ್ತಿದ್ದರು. ಅವರ ಕಣ್ಣು ಕಲ್ಲಿನ ಮೇಲೆ, ನನ್ನದು ನೀರಿನ ಮೇಲೆ. ಕಡಲೆಗಾತ್ರದ ಹರಳೊಂದನ್ನು ಸುಮ್ಮನೆ ಬಿಟ್ಟು ನೋಡುವುದಷ್ಟೇ ನನ್ನ ಆಟ.

ಮೇಷ್ಟರಾಗಿದ್ದಾಗ ಕನ್ನಡ ಮಾಧ್ಯಮದ ಮಕ್ಕಳನ್ನೂ ಇಲ್ಲಿಗೆ ಕರೆತರುತ್ತಿದ್ದೆ. ತೇಲುವ ಹೊಂಗೆ ಎಲೆ ಅಲೆ ಬಂದಾಗ ಎದ್ದು, ಇಳಿದು, ಇದ್ದಲ್ಲೇ ಇರುತ್ತಿತ್ತು. “ಸಾರ್, ನೀರು ಓಡಲಿಲ್ಲ ಅಂದ್ರೆ ಓಡಿದ್ದೇನು?” ಎಂದ ಒಬ್ಬ. “ಕಲ್ಲು ಬಿದ್ದ ಸುದ್ದಿ ಕಣೋ,” ಎಂದೆ. ಶಕ್ತಿ ಎಂಬ ಪಾಠದ ಮಾತು ಆಮೇಲೆ ಬಂತು. ಗಾಳಿ ಬೀಸಿದಾಗ ರಾಗಿ ಹೊಲದ ತುಂಬ ಅಲೆ ಹಾಯುತ್ತದೆ, ಒಂದು ಪೈರೂ ಬದು ದಾಟುವುದಿಲ್ಲ. ಅದನ್ನು ಆ ಮಕ್ಕಳಿಗೆ ಹೇಳಿಕೊಡಬೇಕಿರಲಿಲ್ಲ.

ನಿಜವಾದ ಸೊಗಸು ಹರಳು ಎಬ್ಬಿಸುವ ಅಲೆಯ ಬಳೆಗಳಲ್ಲಿಲ್ಲ, ಬಳೆಗಳ ನಡುವೆ ಇದೆ. ಹರಳು ಮುಳುಗಿದ ಜಾಗ ಕ್ಷಣದಲ್ಲೇ ನುಣ್ಣಗಾಗಿ, ಆ ನುಣುಪು ತಾನೂ ಅಗಲವಾಗುತ್ತ ಹೋಗುತ್ತದೆ. ಎಷ್ಟೋ ವರ್ಷ ನೋಡಿಯೂ ಏಕೆಂದು ಕೇಳಿಕೊಂಡಿರಲಿಲ್ಲ. ದೊಡ್ಡ ಅಲೆಯನ್ನು ಗುರುತ್ವ ಎಳೆದು ಸಮಮಾಡುತ್ತದೆ, ಕಿರುಅಲೆಯನ್ನು ನೀರಿನ ಮೇಲ್ಮೈ ಎಳೆತ. ತೀರಾ ಉದ್ದನೆಯದೂ ವೇಗ, ತೀರಾ ಕಿರಿದೂ ವೇಗ. ನಡುವೆ, ತರಂಗದೂರ ಸುಮಾರು 1.7 ಸೆಂ.ಮೀ. ಇರುವ ಅಲೆಯೇ ಎಲ್ಲಕ್ಕಿಂತ ಸೋಮಾರಿ. ಅದರ ನಡಿಗೆ ಸೆಕೆಂಡಿಗೆ 23 ಸೆಂ.ಮೀ. ಅಲೆಗಳ ಗುಂಪಿನ ವೇಗ ಇನ್ನೂ ಕಡಿಮೆಯಾಗಬಹುದು, ಆದರೆ ಸುಮಾರು 18 ಸೆಂ.ಮೀ.ಗಿಂತ ಕೆಳಗಿಳಿಯದು. ಅಷ್ಟಕ್ಕಿಂತ ನಿಧಾನವಾಗಿ ಸಾಗುವ ಅಲೆಗಳೇ ಇಲ್ಲದಿದ್ದರೆ ನಡುವೆ ಉಳಿಯುವವರು ಯಾರು? ಹಬ್ಬದೂಟಕ್ಕೆ ಎಲ್ಲರೂ ಹೊರಟುಹೋದ ಮನೆಯಂತೆ ಅಂಗಳ ಖಾಲಿ.

ಇದು ತಿಳಿದ ಮೇಲೆ ಹರಳುಗಳ ಖರ್ಚು ಹೆಚ್ಚಿದೆ. ಈಗಲೂ ಜೇಬಿನಲ್ಲಿ ನಾಲ್ಕಾರು ಇರುತ್ತವೆ. ಬಟ್ಟೆ ಒಗೆಯುವಾಗ ಮನೆಯಾಕೆಯ ಬೈಗುಳವೂ ತಪ್ಪಿಲ್ಲ.

ಮೊನ್ನೆ ಹರಳು ಬಿಟ್ಟಾಗಲೇ ಅತ್ತ ಒಂದು ಹಸು ನೀರಿಗೆ ಮೂತಿಯಿಟ್ಟಿತು. ಅದರ ಬಳೆಗಳು ಇತ್ತ, ನನ್ನವು ಅತ್ತ. ಸಂಧಿಸಿದಲ್ಲಿ ಒಂದು ಗಳಿಗೆ ನೀರು ಚೌಕುಳಿ ಚೌಕುಳಿಯಾಯಿತು. ಮರುಗಳಿಗೆ ಎರಡೂ ಒಂದರೊಳಗೊಂದು ಹಾದು, ಏನೂ ಆಗದವರಂತೆ ತಂತಮ್ಮ ದಾರಿ ಹಿಡಿದವು. ಹಸು ತಲೆಯೆತ್ತಿ ನನ್ನ ಕಡೆ ನೋಡಿ, ಮತ್ತೆ ಕುಡಿಯತೊಡಗಿತು.