ಹತ್ತು ದಿನದ ಗಡುವು: ರಾಮನಗರದ ಗೂಡಿನ ಮಾರುಕಟ್ಟೆ

ಬೆಂಗಳೂರಿನಿಂದ ಮೈಸೂರಿನ ಹಳೆಯ ಹೆದ್ದಾರಿಯಲ್ಲಿ ಸುಮಾರು 50 ಕಿ.ಮೀ. ಸಾಗಿದರೆ ಅರ್ಕಾವತಿ ದಂಡೆಯ ರಾಮನಗರ ಸಿಗುತ್ತದೆ. ಒಂದು ಕಾಲಕ್ಕೆ ಇದು ಕ್ಲೋಸ್‌ಪೇಟೆ. ಪ್ರವಾಸಿಗರಿಗೆ ಈ ಊರೆಂದರೆ ಬಂಡೆಬೆಟ್ಟ ಮತ್ತು ‘ಶೋಲೆ’ ಚಿತ್ರ. ಊರಿನ ಎಷ್ಟೋ ಮನೆಗಳ ಒಲೆ ಉರಿಯುವುದು ಮಾತ್ರ ಒಂದು ಪುಟ್ಟ ಹುಳುವಿನಿಂದ.

ಬೆಳಗಾದರೆ ಸರ್ಕಾರಿ ರೇಷ್ಮೆ ಗೂಡಿನ ಮಾರುಕಟ್ಟೆಗೆ ಸುತ್ತಲ ತಾಲ್ಲೂಕುಗಳಿಂದಲೂ ದೂರದ ಜಿಲ್ಲೆಗಳಿಂದಲೂ ಮೂಟೆಗಳು ಬಂದಿಳಿಯುತ್ತವೆ. ರೈತರು ಗೂಡನ್ನು ಸುರಿದು ಪಕ್ಕದಲ್ಲೇ ನಿಲ್ಲುತ್ತಾರೆ. ಕೊಳ್ಳುವವರು ರೀಲರುಗಳು, ಅಂದರೆ ನೂಲು ಬಿಚ್ಚುವ ಸಣ್ಣ ಘಟಕಗಳ ಮಾಲೀಕರು. ಅವರು ಗೂಡನ್ನು ಅದುಮಿ, ಕಿವಿಯ ಬಳಿ ಅಲ್ಲಾಡಿಸಿ, ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ಹಿಂದೆ ಕೂಗಿ ನಡೆಯುತ್ತಿದ್ದ ಹರಾಜು ಈಗ ಮೊಬೈಲಿಗೆ ಬಂದಿದೆ.

ಇಷ್ಟು ಅವಸರವೇಕೆ? ಉತ್ತರ ಜೀವಶಾಸ್ತ್ರದಲ್ಲಿದೆ. ಗೂಡಿನೊಳಗೆ ಇರುವುದು ಜೀವಂತ ಕೋಶ. ಗೂಡು ಕಟ್ಟಿದ ಸುಮಾರು ಹತ್ತು ಹನ್ನೆರಡು ದಿನಕ್ಕೆ ಅದು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿ ಹೊರಬರುತ್ತದೆ. ಗೂಡೆಂದರೆ 600ರಿಂದ 1,000 ಮೀಟರಿನಷ್ಟು ಉದ್ದದ ಒಂದೇ ಎಳೆ. ತೂತು ಬಿದ್ದರೆ ಎಳೆ ತುಂಡಾಗಿ, ಬಿಚ್ಚಲು ಬಾರದು. ದಿನ ಕಳೆದಂತೆ ಗೂಡಿನ ತೂಕವೂ ಇಳಿಯುತ್ತದೆ. ರಾಗಿಯನ್ನು ಕಣಜದಲ್ಲಿಟ್ಟು ಒಳ್ಳೆಯ ಬೆಲೆಗೆ ಕಾಯಬಹುದು, ಗೂಡನ್ನಿಟ್ಟು ಕಾಯಲಾಗದು.

ಹಬೆ ಅಥವಾ ಬಿಸಿ ಗಾಳಿಯಿಂದ ಕೋಶವನ್ನು ಕೊಂದರೆ ಈ ಗಡುವು ತಪ್ಪುತ್ತದೆ. ಆದರೆ ಆ ಸೌಕರ್ಯ ಇರುವುದು ಕೊಳ್ಳುವವರ ಬಳಿ, ಬೆಳೆದವರ ಬಳಿಯಲ್ಲ. ಕಾಯಬಲ್ಲವನಿಗೆ ಚೌಕಾಸಿಯಲ್ಲಿ ಮೇಲುಗೈ. ಎಲ್ಲರೆದುರು ನಡೆಯುವ ಹರಾಜು, ಸರಿಯಾದ ತಕ್ಕಡಿ, ಒಪ್ಪದ ದರವನ್ನು ನಿರಾಕರಿಸುವ ಹಕ್ಕು, ಇವು ರೈತನಿಗೆ ಮುಖ್ಯವಾಗುವುದು ಅದಕ್ಕೇ.

ಹಾಗೆಂದು ರೀಲರೂ ಸಿರಿವಂತನೇನಲ್ಲ. ಒಂದು ಕೆ.ಜಿ. ನೂಲಿಗೆ ಆರರಿಂದ ಎಂಟು ಕೆ.ಜಿ. ಗೂಡು ಬೇಕು. ಇಂದು ಗೂಡು ಸಿಗದಿದ್ದರೆ ನಾಳೆ ಬಿಸಿನೀರಿನ ತೊಟ್ಟಿಯ ಮುಂದೆ ಕೂರುವ ಕೆಲಸಗಾರರಿಗೆ ಕೂಲಿಯಿಲ್ಲ. ಎಳೆಗಳನ್ನು ಅಂಟಿಸಿರುವ ಸೆರಿಸಿನ್ ಆ ಬಿಸಿನೀರಿನಲ್ಲಿ ಮೆತ್ತಗಾಗಿ ನೂಲು ಬಿಚ್ಚಿಕೊಳ್ಳುತ್ತದೆ. ಉಳಿದ ಕೋಶವೂ ವ್ಯರ್ಥವಲ್ಲ. ಅದರಿಂದ ಎಣ್ಣೆ, ಮೀನು ಮತ್ತು ಕೋಳಿಗಳಿಗೆ ಆಹಾರ.

ಈ ಕೊಡುಕೊಳ್ಳುವಿಕೆ ಮಾರುಕಟ್ಟೆಯ ಗೋಡೆಯೊಳಗೇ ಮುಗಿಯುವುದಿಲ್ಲ. ಮರಿಹುಳು ಮಾರುವ ಚಾಕಿ ಕೇಂದ್ರ, ಹಿಪ್ಪುನೇರಳೆ ಸೊಪ್ಪು ಮಾರುವವರು, ಚಂದ್ರಿಕೆ ಬಾಡಿಗೆಗೆ ಕೊಡುವವರು, ಸೌದೆ ವ್ಯಾಪಾರಿ, ನೂಲು ಹುರಿ ಮಾಡುವವರು, ಎಲ್ಲರೂ ಒಂದೇ ಸರಪಳಿಯ ಕೊಂಡಿಗಳು. ಗೂಡಿಗೆ ಬೆಲೆ ಬಂದ ದಿನ ದಿನಸಿ ಅಂಗಡಿಯ ಸಾಲದ ಪುಸ್ತಕದಲ್ಲೂ ಕೆಲವು ಹೆಸರು ಹೊಡೆದುಹೋಗುತ್ತವೆ.

ಸರಪಳಿಯ ತುದಿ ಮಾತ್ರ ಊರಿನ ಕೈಯಲ್ಲಿಲ್ಲ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿದಾಗ ಇಲ್ಲಿ ಗೂಡಿನ ಬೆಲೆ ಕುಸಿಯಿತು, ರೈತರು ಬೀದಿಗಿಳಿದರು. ದೆಹಲಿಯ ತೀರ್ಮಾನಕ್ಕೆ ತಿದ್ದುಪಡಿ ಬರಲು ವರ್ಷಗಳೇ ಹಿಡಿಯಬಹುದು. ಗೂಡಿನೊಳಗಿನ ಕೋಶ ಕಾಯುವುದು ಹತ್ತೇ ದಿನ.

ಮೈಸೂರಿಗೆ ಹೊರಟ ಮಕ್ಕಳು ಒಂದು ಬೆಳಿಗ್ಗೆ ಇಲ್ಲಿ ಇಳಿದರೆ, ವಿಜ್ಞಾನದ ಪಾಠವೂ ಅರ್ಥಶಾಸ್ತ್ರದ ಪಾಠವೂ ಒಂದೇ ಗೂಡಿನಲ್ಲಿ ಸಿಗುತ್ತವೆ.