ಚೆಂಡಿಗಿಂತ ದೂರ ಹೋದ ಹೆಂಟೆ

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಕೊಳ್ಳುವವರು ಬರೀ ಕಣ್ಣಲ್ಲಿ ನೋಡಿ ರೇಟು ಹೇಳುವುದಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಅದುಮುತ್ತಾರೆ. ಗಟ್ಟಿಯಿದ್ದರೆ ಒಂದು ಬೆಲೆ, ಮೆತ್ತಗಿದ್ದರೆ ಇನ್ನೊಂದು. ಗೂಡಿನ ಮಾರುಕಟ್ಟೆಯಲ್ಲೇ ಆಯುಷ್ಯ ಕಳೆದ ನಮ್ಮಪ್ಪ ನನ್ನ ಗಾಲ್ಫ್ ಚೆಂಡನ್ನೂ ಹಾಗೇ ಅದುಮಿ ನೋಡಿದರು.

"ಗಟ್ಟಿ ಐತೆ. ಎಷ್ಟಕ್ಕೆ ತಂದೆ?"

"ಇನ್ನೂರೈವತ್ತು."

"ಕೆಜಿಗಾ?"

"ಒಂದಕ್ಕೆ ಕಣಪ್ಪ."

ಚೆಂಡನ್ನು ನನ್ನ ಅಂಗೈಗೆ ವಾಪಸು ಇಟ್ಟು ಅಪ್ಪ ಒಳಗೆ ಹೋದರು. ನನಗೆ ಆವತ್ತೇ ಬುದ್ಧಿ ಬರಬೇಕಿತ್ತು.

ಈ ಗೀಳು ಹತ್ತಿದ್ದು 2021ರ ಆಗಸ್ಟ್‌ನಲ್ಲಿ. ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಡುತ್ತಿದ್ದಾಳೆಂದು ನಸುಕಿನಲ್ಲೆದ್ದು ಟೀವಿ ಮುಂದೆ ಕೂತವರಲ್ಲಿ ನಾನೂ ಒಬ್ಬ. ಒಂದೇ ಹೊಡೆತದಲ್ಲಿ ಪದಕ ತಪ್ಪಿ ಅವಳು 4ನೆಯವಳಾದಳು. ಜೊತೆಗಾರ್ತಿಯರ ಡ್ರೈವ್, ಅಂದರೆ ಉದ್ದದ ಮೊದಲ ಹೊಡೆತ, ಅವಳದನ್ನು ದಾಟಿ ಬಹಳ ಮುಂದೆ ಬೀಳುತ್ತಿತ್ತು. ಆದರೂ ಅವಳು ಕೊನೆಯವರೆಗೂ ಅವರ ಬೆನ್ನು ಬಿಡಲಿಲ್ಲ. ಅದರಿಂದ ಕಲಿಯಬೇಕಾದ್ದೊಂದಿತ್ತು, ನಾನು ಕಲಿತದ್ದೇ ಬೇರೆ. ಆ ತಿಂಗಳಲ್ಲೇ ಸೆಕೆಂಡ್ ಹ್ಯಾಂಡ್ ಕೋಲುಗಳ ಚೀಲ ಮನೆಗೆ ಬಂತು.

ಆಮೇಲೆ ಎಲ್ಲಿಂದಲೋ 'ಕಂಪ್ರೆಷನ್' ಎಂಬ ಮಾತು ಕಿವಿಗೆ ಬಿತ್ತು. ಗಾಲ್ಫ್ ಚೆಂಡು 45.93 ಗ್ರಾಂ ಮೀರುವಂತಿಲ್ಲ. ಕೋಲು ಅದನ್ನು ಮುಟ್ಟಿರುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗದ ಅರ್ಧ ಹೊತ್ತು. ಅಷ್ಟರಲ್ಲೇ ಚೆಂಡು ಕೋಲಿನ ಮುಖಕ್ಕೆ ಒತ್ತಿಕೊಂಡು ಚಪ್ಪಟೆಯಾಗಿ, ಮತ್ತೆ ಉಬ್ಬಿ, ಚಿಮ್ಮುತ್ತದೆ. ಹೀಗೆ ಒತ್ತಿಕೊಳ್ಳುವುದೇ ಕಂಪ್ರೆಷನ್. ಚೆನ್ನಾಗಿ ಒತ್ತಿದರೆ ದೂರ ಹೋಗುತ್ತದೆ, ಕೇಳಲು ಹಿತವಾದ ಸದ್ದೂ ಬರುತ್ತದೆ. ಒತ್ತುವುದೆಂದರೆ ಬಲ ತಾನೇ ಎಂದುಕೊಂಡೆ. ಗ್ಲೌಸು ಹರಿಯುವಷ್ಟು ಬಿಗಿಯಾಗಿ ಕೋಲು ಹಿಡಿದೆ. ಬೇಗ ಚಪ್ಪಟೆಯಾಗಲೆಂದು ಮೆತ್ತನೆಯ ಚೆಂಡು ತಂದೆ. ಕಲಿಸುವವರಿಗೆ ಕೊಡಬೇಕಾದ ದುಡ್ಡೆಲ್ಲ ಅಂಗಡಿಯವನಿಗೆ ಹೋಯಿತು. ಅಂಗಡಿಯವನು ತಪ್ಪು ಹೇಳುವುದಿಲ್ಲವಲ್ಲ, ಅದೇ ಅನುಕೂಲ.

ನಂದಿ ಬೆಟ್ಟದ ಕಡೆ ಒಂದು ಮೈದಾನದಲ್ಲಿ ನಮ್ಮ ಕಂಪನಿಯ ಆಟವಿತ್ತು. ಬೆಳಿಗ್ಗೆ ಕಾಫಿ ಕುಡಿಯುತ್ತಾ ಹೊಸಬರಿಬ್ಬರಿಗೆ ಕಂಪ್ರೆಷನ್ ಬಗ್ಗೆ ಪಾಠ ಮಾಡಿದೆ. ಚೆನ್ನಾಗಿಯೇ ಮಾಡಿದೆ ಅನ್ನಿ. ಒಬ್ಬಳು ಫೋನಿನಲ್ಲಿ ಬರೆದುಕೊಂಡಳು. ಮೇಲಧಿಕಾರಿಗಳೂ ನಿಂತು ಕೇಳಿದರು.

ಮೂರನೇ ಗುಳಿಗೆ ಅಡ್ಡವಾಗಿ ಸಣ್ಣ ಕೆರೆ. ಏಳನೇ ನಂಬರಿನ ಐರನ್ ಕೋಲು ತೆಗೆದುಕೊಂಡು ಮೈಯೆಲ್ಲ ಬಲ ಹಾಕಿ ಬೀಸಿದೆ. ಕೋಲು ಚೆಂಡಿಗಿಂತ ಒಂದು ಗೇಣು ಹಿಂದೆಯೇ ನೆಲ ಕಚ್ಚಿತು. ಹುಲ್ಲಿನ ಹೆಂಟೆಯೊಂದು ಎದ್ದು, ಗಾಳಿಯಲ್ಲಿ ತಿರುಗಿ, ಪಕ್ಕದಲ್ಲಿದ್ದ ಮೇಲಧಿಕಾರಿಗಳ ಬಿಳಿ ಬೂಟಿನ ಮೇಲೆ ಬಿತ್ತು. ಚೆಂಡು ಅಷ್ಟು ದೂರವೂ ಹೋಗಲಿಲ್ಲ. ಯಾರೂ ನಗಲಿಲ್ಲ, ನಕ್ಕಿದ್ದರೆ ಬದುಕುತ್ತಿದ್ದೆ. ಎರಡನೇ ಸಲ ನೆಲಕ್ಕೆ ಹೆದರಿ ಕೋಲು ಎತ್ತಿಕೊಂಡೆ. ಅದು ಚೆಂಡಿನ ನೆತ್ತಿಗೆ ತಾಗಿತು, ಚೆಂಡು ಕಪ್ಪೆಯಂತೆ ಕುಪ್ಪಳಿಸಿ ಕೆರೆಗೆ ಹಾರಿತು. ಮೂರನೆಯದೂ ಅಲ್ಲಿಗೇ. ಬರೆದುಕೊಂಡಿದ್ದ ಹುಡುಗಿ ಫೋನನ್ನು ಮೆಲ್ಲಗೆ ಜೇಬಿಗೆ ಹಾಕಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಚೀಲ ಹೊತ್ತಿದ್ದ ಕ್ಯಾಡಿ ಹುಡುಗ, ಎಲ್ಲರೂ ಮುಂದೆ ಹೋದ ಮೇಲೆ, ದನಿ ತಗ್ಗಿಸಿ ಕೇಳಿದ: "ಸಾರ್, ಚಿಕ್ಕೋರಿದ್ದಾಗ ಚಿನ್ನಿ ದಾಂಡು ಜಾಸ್ತಿ ಆಡಿದ್ರಾ?"

ಆಡಿದ್ದೆನಾ? ಬೀದಿಗೇ ನಾನು ರಾಜ. ಗುಳಿಯ ಮೇಲೆ ಅಡ್ಡ ಇಟ್ಟ ಚಿನ್ನಿಯನ್ನು ದಾಂಡಿನಿಂದ ಕೆಳಗಿನಿಂದ ಮೀಟಿ ಎತ್ತಿದರೆ ಎದುರಿನ ಮನೆ ಹೆಂಚು ದಾಟುತ್ತಿತ್ತು. ಹುಡುಗ ತಲೆ ಆಡಿಸಿದ. "ಅದೇ ಕೈ ಸಾರ್. ನೀವು ಚೆಂಡನ್ನ ಎತ್ತಕ್ಕೆ ಹೋಗ್ತಿದೀರ. ಎತ್ತೋದು ಕೋಲಿನ ಕೆಲಸ, ಅದರ ಮುಖ ಅದಕ್ಕೇ ಓರೆ ಇರೋದು. ನೀವು ಕೆಳಕ್ಕೆ ಹೊಡೀರಿ."

ಆಮೇಲೆ ಅವನೇ ತೋರಿಸಿದ. ಚೆಂಡಿನ ಹಿಂದೆ ಒಂದು ಗೇಣಿಗೆ ಟವೆಲ್ ಹಾಸಿದ. ಟವೆಲ್ಲಿಗೆ ತಾಗದೆ ಚೆಂಡು ಮುಟ್ಟಬೇಕು. ಹೊಡೆಯುವ ಹೊತ್ತಿಗೆ ಮೈಭಾರ ಎಡಗಾಲಿಗೆ ಬಂದಿರಬೇಕು, ಕೈ ಚೆಂಡಿಗಿಂತ ಮುಂದಿರಬೇಕು, ಹುಲ್ಲು ಕಿತ್ತ ಗುರುತು ಚೆಂಡಿನ ಮುಂದೆ ಬೀಳಬೇಕು, ಹಿಂದಲ್ಲ. ಬಲದ ಮಾತನ್ನೇ ಅವನು ಎತ್ತಲಿಲ್ಲ.

ಮೇಲಕ್ಕೆ ಹೋಗಲೆಂದು ಕೆಳಕ್ಕೆ ಹೊಡೆಯುವುದನ್ನು ನನ್ನ ಮನಸ್ಸು ಇನ್ನೂ ಪೂರ್ತಿ ಒಪ್ಪಿಲ್ಲ. ಕೋಲು ಕೆಳಗೆ ಬರುತ್ತಿದ್ದ ಹಾಗೆ ಮಣಿಕಟ್ಟು ತಾನಾಗಿ ಮಡಚಿಕೊಳ್ಳುತ್ತದೆ, ಪಾಪ, ಚೆಂಡಿಗೆ ಒಂದಿಷ್ಟು ಸಹಾಯ ಮಾಡೋಣ ಅಂತ. ಆ ಸಹಾಯವೇ ಚೆಂಡನ್ನು ಕೆರೆಗೆ ಹಾಕುತ್ತಿದ್ದದ್ದು. ಒಂದು ವಿಷಯ ಮಾತ್ರ ಇನ್ನೂ ಚುಚ್ಚುತ್ತದೆ: ಆ ಹುಡುಗ ಮೊದಲ ಗುಳಿಯಿಂದಲೇ ನನ್ನನ್ನು ನೋಡುತ್ತಿದ್ದ. ಕಾಫಿ ಹೊತ್ತಿನಲ್ಲಿ ನಾನು ಪಾಠ ಮಾಡುವಾಗಲೂ ಚೀಲ ಹಿಡಿದು ಪಕ್ಕದಲ್ಲೇ ನಿಂತಿದ್ದ. ಕೇಳಿದ್ದರೆ ಹೇಳುತ್ತಿದ್ದ.

ಈಗ ಹತ್ತಕ್ಕೆ ಮೂರು ಚೆಂಡು ಆ ಹಿತವಾದ ಸದ್ದು ಮಾಡುತ್ತವೆ. ಉಳಿದ ಏಳನ್ನು ನೋಡುವ ಆಸೆಯಿದ್ದರೆ ಭಾನುವಾರ ಬೆಳಿಗ್ಗೆ ಬನ್ನಿ. ಬಿಳಿ ಬೂಟು ಮಾತ್ರ ಹಾಕಿಕೊಂಡು ಬರಬೇಡಿ.